ಮುಗಿಯದ ಓದಿನ ಫಲ

ಅಲ್ ಥುಮಾಮಾದ ಗೆಳೆಯರೊಬ್ಬರ ಮನೆಯ ಹಬ್ಬದೂಟದಲ್ಲಿ ಕೇಳಿದ ಮಾತಿದು. ಮಕ್ಕಳ ಕ್ಯಾನ್ಸರ್ ಜೀವಶಾಸ್ತ್ರದಲ್ಲಿ ಪೋಸ್ಟ್‌ಡಾಕ್ ಸಂಶೋಧಕಿಯಾಗಿರುವ ತರುಣಿಯನ್ನು, ಊರಿನಿಂದ ಬಂದಿದ್ದ ಹಿರಿಯರೊಬ್ಬರು ಅಕ್ಕರೆಯಿಂದಲೇ ವಿಚಾರಿಸಿದರು: “ಪಿಎಚ್‌ಡಿ ಆಯ್ತಲ್ಲಮ್ಮಾ, ಇನ್ನೂ ಓದು ಮುಗಿದಿಲ್ವಾ? ಕೆಲಸಕ್ಕೆ ಸೇರೋದು ಯಾವಾಗ?” ಆಕೆ ನಕ್ಕು ಸುಮ್ಮನಾದಳು.

ಡಾಕ್ಟರೇಟ್ ಪಡೆದವರು ಹಿರಿಯ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲವು ವರ್ಷಗಳ ಅವಧಿಗೆ ನಡೆಸುವ ಸಂಶೋಧನೆಯೇ ಪೋಸ್ಟ್‌ಡಾಕ್. ಅದು ಓದಲ್ಲ, ಕೆಲಸವೇ. ಆದರೆ ಖಾಯಂ ಅಲ್ಲ. ರಕ್ತಕ್ಯಾನ್ಸರಿನ ಮಕ್ಕಳು ಇಂದು ಬದುಕುತ್ತಿರುವುದರ ಹಿಂದೆ ಇಂತಹ ಅಭದ್ರ ಹುದ್ದೆಗಳಲ್ಲಿ ದುಡಿದವರ ಶ್ರಮವಿದೆ.

ಅವರಲ್ಲಿ ಮೊದಲಿಗೆ ನೆನೆಯಬೇಕಾದವರು ನಮ್ಮ ನೆರೆಯ ಆಂಧ್ರದವರು. 1895ರಲ್ಲಿ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್, ಮದರಾಸಿನಲ್ಲಿ ವೈದ್ಯಕೀಯ ಕಲಿತು 1922ರಲ್ಲಿ ಬಾಸ್ಟನ್ ತಲುಪಿದರು. ಹೊಟ್ಟೆಪಾಡಿಗಾಗಿ ರಾತ್ರಿ ಆಸ್ಪತ್ರೆಯ ಜವಾನಗಿರಿ ಮಾಡಿದರು. 1925ರಲ್ಲಿ ರಕ್ತದ ರಂಜಕವನ್ನು ಅಳೆಯುವ ‘ಫಿಸ್ಕ್–ಸುಬ್ಬರಾವ್’ ವಿಧಾನ ಪ್ರಕಟವಾಯಿತು; ವೈದ್ಯ ವಿದ್ಯಾರ್ಥಿಗಳಿಗೆ ಆ ಹೆಸರು ಚಿರಪರಿಚಿತ. 1930ರಲ್ಲಿ ಪಿಎಚ್‌ಡಿ ಪಡೆದ ಬಳಿಕವೂ ಹಾರ್ವರ್ಡ್‌ನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿಗೆ ತೆರಳಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರ್ ಅದೇ ಬಗೆಯ ವಸ್ತುಗಳನ್ನು ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ತಗ್ಗುವ ಬದಲು ಉಲ್ಬಣಿಸಿದಂತೆ ಕಂಡಿತು. ಆ ಸೋಲಿನಲ್ಲೇ ಸುಳಿವು ಅಡಗಿತ್ತು: ಫೋಲಿಕ್ ಆಮ್ಲ ಕ್ಯಾನ್ಸರ್ ಕೋಶಕ್ಕೆ ಆಹಾರವಾಗುವುದಾದರೆ, ಅದನ್ನೇ ಹೋಲುವ ಹುಸಿ ಅಣುವಿನಿಂದ ಕೋಶವನ್ನು ಉಪವಾಸ ಕೆಡವಬಹುದಲ್ಲವೆ? ಸುಬ್ಬರಾವ್ ತಂಡ ಅಮೈನಾಪ್ಟೆರಿನ್ ಒದಗಿಸಿತು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ, 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿ ಚೇತರಿಸಿಕೊಂಡಿದ್ದರು. ಆದರೆ ರೋಗ ಮರಳಿತು. ಅದೇ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು.

ಕೆಲಸ ಮಾತ್ರ ನಿಲ್ಲಲಿಲ್ಲ. ಪಿಎಚ್‌ಡಿಯನ್ನೇ ಪೂರೈಸದ ಗರ್ಟ್ರೂಡ್ ಎಲಿಯನ್ ರೂಪಿಸಿದ ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ಬಳಕೆಗೆ ಬಂತು. 1963ರಲ್ಲಿ ವಿನ್‌ಕ್ರಿಸ್ಟಿನ್ ಬಂತು. ನಮ್ಮ ಅಂಗಳಗಳಲ್ಲಿ ತಾನಾಗಿ ಬೆಳೆಯುವ, ಇಲ್ಲಿನ ಕುಂಡಗಳಲ್ಲೂ ಅರಳುವ ನಿತ್ಯಪುಷ್ಪವೇ ಅದರ ಮೂಲ. ಒಂದು ಔಷಧದಿಂದ ಉಳಿದುಕೊಂಡ ಕೋಶ ಇನ್ನೊಂದಕ್ಕೆ ಬಲಿಯಾಗಲೆಂದು ಇವುಗಳನ್ನು ಒಟ್ಟುಗೂಡಿಸಿ ಕೊಡಲಾಯಿತು. 1970ರ ಹೊತ್ತಿಗೆ ‘ಗುಣ’ ಎಂಬ ಪದವನ್ನು ವೈದ್ಯರು ಧೈರ್ಯವಾಗಿ ಬಳಸತೊಡಗಿದರು. ಯಾವ ಕೋಶ ಉಳಿಯಿತು, ಏಕೆ ಉಳಿಯಿತು ಎಂಬುದೇ ಇಂದಿಗೂ ಪೋಸ್ಟ್‌ಡಾಕ್‌ಗಳ ಮುಂದಿರುವ ದೊಡ್ಡ ಪ್ರಶ್ನೆ.

ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ರೂಪುಗೊಂಡಿತು. ದೋಹಾದಲ್ಲಿ 2018ರಲ್ಲಿ ತೆರೆದ ಸಿದ್ರಾ ಮೆಡಿಸಿನ್ ಆಸ್ಪತ್ರೆಯಲ್ಲಿ ಮಕ್ಕಳ ಚಿಕಿತ್ಸೆಯೂ ಸಂಶೋಧನೆಯೂ ಒಂದೇ ಸೂರಿನಡಿ ಸಾಗುತ್ತಿವೆ. ಆದರೂ ಅಂತರ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಶೇ. 30ಕ್ಕಿಂತ ಕಡಿಮೆ. ತಡವಾದ ಪತ್ತೆ ಮತ್ತು ನಡುವೆ ಕೈಬಿಟ್ಟ ಚಿಕಿತ್ಸೆ ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ.

ಆದ್ದರಿಂದ ವೈದ್ಯನಾಗಿ ಸದಸ್ಯ ಕುಟುಂಬಗಳಲ್ಲಿ ಒಂದು ವಿನಂತಿ. ಮಗುವಿಗೆ ಬಿಡದ ಜ್ವರ, ಬಿಳಿಚಿಕೊಂಡ ಮುಖ, ಕಾರಣವಿಲ್ಲದ ನೀಲಿ ಕಲೆ, ಮೂಳೆನೋವು ಕಂಡರೆ ರಕ್ತಪರೀಕ್ಷೆ ಮಾಡಿಸಲು ತಡಮಾಡಬೇಡಿ. ಊರಿನ ಬಂಧುಗಳಿಗೂ ಇದನ್ನು ತಿಳಿಸಿ. ರೋಗದ ಹೆಸರು ಕೇಳಿದೊಡನೆ “ಇನ್ನೇನೂ ಉಳಿದಿಲ್ಲ” ಎನ್ನುವವರಿಗೆ, ಆರಂಭಿಸಿದ ಚಿಕಿತ್ಸೆಯನ್ನು ಮುಗಿಸುವಂತೆ ಧೈರ್ಯ ಹೇಳಿ.

ಇನ್ನು ಆ ಹಿರಿಯರ ಪ್ರಶ್ನೆ. ಓದು ಮುಗಿಯಿತೇ ಎಂದು ಕೇಳುವ ಬದಲು, “ಈ ವಾರ ಏನು ಕಂಡೆಯಮ್ಮಾ?” ಎಂದು ಕೇಳೋಣ. ಆಕೆ ಹೇಳಲು ಕಾದಿರುತ್ತಾಳೆ.