ಟೈರಿನ ಗಾಳಿ, ಹಳದಿ ದೀಪ: ದೋಷ ಹುಡುಕುವ ಕಸುಬು ಬೆಳೆದ ಬಗೆ

ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ಗೆರೆಯ ನಡುವೆ ಉದ್ಗಾರ ಚಿಹ್ನೆಯ ಹಳದಿ ದೀಪ ಹೊತ್ತಿತೆಂದರೆ ಇವತ್ತು ಎಷ್ಟೋ ವರ್ಕ್‌ಶಾಪುಗಳಲ್ಲಿ ಸಿಗುವ ಉತ್ತರ ಒಂದೇ: "ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು." ಬಹಳ ಸಲ ಇದು ತಪ್ಪು. ಹೇಳುವವರು ಮೋಸಗಾರರೆಂದಲ್ಲ, ಟೈರಿನ ಗಾಳಿಯ ಒತ್ತಡವನ್ನು ಕಾಯುವ ಟಿಪಿಎಂಎಸ್ ಎಂಬ ಈ ವ್ಯವಸ್ಥೆಯ ಕಥೆಯನ್ನು ನಾವು ಕಾನೂನು ಮತ್ತು ಚಿಪ್ಪುಗಳ ಕಥೆಯಾಗಿ ಮಾತ್ರ ಓದಿದ್ದೇವೆ. ಕೆಟ್ಟಾಗ ಎಲ್ಲಿ ಕೆಟ್ಟಿದೆಯೆಂದು ಹುಡುಕುವ ವಿದ್ಯೆ ಬೆಳೆದದ್ದು ಟೈರು ಬಿಚ್ಚುವವರ ಕೈಯಲ್ಲಿ. ಅದನ್ನು ಯಾರೂ ಬರೆದಿಡುವ ಗೋಜಿಗೆ ಹೋಗಲಿಲ್ಲ.

ಆರಂಭವನ್ನು ಬೇಗ ಹೇಳಿ ಮುಗಿಸಬಹುದು. 1986ರ ಪೋರ್ಶೆ 959 ಟೈರಿನ ಗಾಳಿಯನ್ನು ತಾನೇ ಕಾಯುವ ವ್ಯವಸ್ಥೆಯೊಂದಿಗೆ ಬಂದ ಮೊದಲ ಕಾರು. ಮುಂದೆ ಬಹುಕಾಲ ಅದು ಹೆಚ್ಚಾಗಿ ದುಬಾರಿ ಕಾರುಗಳ ಸೊತ್ತಾಗಿಯೇ ಉಳಿಯಿತು. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು, ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಜನ ಸತ್ತರು. 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಹೊಸ ಗಾಡಿಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಇರಬೇಕೆನ್ನುವ ಟ್ರೆಡ್ ಕಾಯ್ದೆ ಬಂತು. ಒಂದೇ ಟೈರು ಇಳಿದರೆ ತಿಳಿಸಿದರೂ ಸಾಕೆಂಬ ಸಡಿಲ ನಿಯಮವನ್ನು 2003ರಲ್ಲಿ ಅಲ್ಲಿನ ನ್ಯಾಯಾಲಯ ಹೊಡೆದುಹಾಕಿತು. ಅದು ಸರಿಯಾದ ತೀರ್ಪು. 2007ರ ಸೆಪ್ಟೆಂಬರಿನಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೆ, 2014ರ ನವೆಂಬರಿನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು.

ಈ ನಡುವೆ ಎರಡು ದಾರಿಗಳು ಕವಲೊಡೆದಿದ್ದವು. ಪರೋಕ್ಷ ವಿಧಾನದಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಚೂರು ಕಡಿಮೆಯಾಗಿ ಅದು ಹೆಚ್ಚು ಸುತ್ತು ಸುತ್ತುತ್ತದೆ; ಎಬಿಎಸ್‌ನ ಚಕ್ರ ಸೆನ್ಸರುಗಳು ಅದನ್ನು ಗುರುತಿಸುತ್ತವೆ. ನಾಲ್ಕೂ ಟೈರು ಸಮನಾಗಿ ಇಳಿದರೆ ಹಳೆಯ ಪೀಳಿಗೆಯ ವ್ಯವಸ್ಥೆಗೆ ಗೊತ್ತೇ ಆಗುತ್ತಿರಲಿಲ್ಲ. ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ರಿಸೆಟ್ ಗುಂಡಿಯಿಂದ ಎನ್ನುವುದು ನನ್ನ ಅನುಭವ. ದೀಪ ಆರಲಿ ಎಂದು ಗಾಳಿ ತುಂಬದೆಯೇ ಗುಂಡಿ ಒತ್ತಿದರೆ, ಇಳಿದ ಗಾಳಿಯೇ ಸರಿಯೆಂದು ಕಾರಿಗೆ ಪಾಠ ಹೇಳಿಕೊಟ್ಟಂತಾಗುತ್ತದೆ.

ಎರಡನೆಯದು ನೇರ ವಿಧಾನ; ಇದರಲ್ಲಿ ಒತ್ತಡ ಅಳೆಯುವ ಸೆನ್ಸರ್ ಟೈರಿನೊಳಗೇ ಇರುತ್ತದೆ. ಇಂಥ ಕಾರುಗಳು ಬೆಂಗಳೂರಿನ ವರ್ಕ್‌ಶಾಪುಗಳಿಗೆ ಒಂದೊಂದಾಗಿ ಬರತೊಡಗಿದಾಗ ನಮ್ಮ ತಲೆಮಾರು ಕೆಲಸದಲ್ಲಿತ್ತು. ಆಗ ಕೈಗೆಟುಕುವ ಸ್ಕ್ಯಾನರುಗಳಿಗೆ ಈ ವ್ಯವಸ್ಥೆ ಕಾಣುತ್ತಲೇ ಇರಲಿಲ್ಲ. ಆ ಬಡತನವೇ ನಮಗೆ ಒಂದು ಕ್ರಮವನ್ನು ಕಲಿಸಿತು: ಮೊದಲು ದೀಪ, ಆಮೇಲೆ ಗೇಜು, ಕೊನೆಗೆ ಸ್ಕ್ಯಾನರ್. ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಇಂದಿಗೂ ಕಂಡಿಲ್ಲ.

ದೀಪ ಎರಡು ಬಗೆಯಲ್ಲಿ ಮಾತಾಡುತ್ತದೆ. ಇಗ್ನಿಷನ್ ಹಾಕಿದೊಡನೆ ಹೊತ್ತಿ ಹಾಗೇ ನಿಂತರೆ ಗಾಳಿ ಕಡಿಮೆ. ಒಂದರಿಂದ ಒಂದೂವರೆ ನಿಮಿಷ ಮಿನುಗಿ ಆಮೇಲೆ ಉರಿಯುತ್ತಲೇ ನಿಂತರೆ ವ್ಯವಸ್ಥೆಯಲ್ಲೇ ದೋಷ. ಅಮೆರಿಕದ ನಿಯಮದಲ್ಲೇ ಬರೆದಿರುವ ಈ ಭೇದ ಎಷ್ಟೋ ಕಾರುಗಳಲ್ಲಿ ನಮ್ಮಲ್ಲಿಗೂ ಬಂದಿದೆ. ಗಾಡಿ ತಂದವರನ್ನು "ಮಿನುಗಿತೇ, ಇಲ್ಲ ಸುಮ್ಮನೆ ಹೊತ್ತಿತೇ?" ಎಂದು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. "ಬೆಳಿಗ್ಗೆ ಮಿನುಗುತ್ತೆ, ಮಧ್ಯಾಹ್ನ ಇರಲ್ಲ" ಎಂದರೆ ಸೆನ್ಸರಿನ ಬ್ಯಾಟರಿಯ ಆಯಸ್ಸು ಮುಗಿಯುತ್ತ ಬಂದಿರುವ ಸಂಭವ ಹೆಚ್ಚು. ಚಳಿಯಲ್ಲಿ ಅದರ ಶಕ್ತಿ ಕುಂದುತ್ತದೆ. ಆ ಲಿಥಿಯಂ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳಿಕೆ ಬರುತ್ತದೆ. ರಾಳದೊಳಗೆ ಹುದುಗಿರುವುದರಿಂದ ಅದೊಂದನ್ನೇ ಬದಲಾಯಿಸುವಂತಿಲ್ಲ. ಸೆನ್ಸರನ್ನು ಹೊಸದು ಹಾಕಲೇಬೇಕಾದ ನಿಜವಾದ ಸಂದರ್ಭಗಳಲ್ಲಿ ಇದೊಂದು.

ಗೇಜಿನ ಹಂತದಲ್ಲಿ ನಮ್ಮ ನಾಡಿನದೇ ಒಂದು ತಕರಾರಿದೆ. "ಅಂಗಡಿ ಗೇಜು 33 ತೋರಿಸುತ್ತೆ, ಕಾರು ಯಾವಾಗಲೂ ಒಂದೂವರೆ ಕಮ್ಮಿ ತೋರಿಸುತ್ತೆ" ಎಂದು ಬೆಂಗಳೂರಿನವರು ಜಗಳಕ್ಕೆ ಬರುತ್ತಾರೆ. ಸೆನ್ಸರ್ ಸಾಮಾನ್ಯವಾಗಿ ಅಳೆಯುವುದು ಪೂರ್ಣ ಒತ್ತಡವನ್ನು; ಅದರಿಂದ ವಾತಾವರಣದ ಒತ್ತಡವನ್ನು ಕಳೆದು ಕಾರು ಅಂಕಿ ತೋರಿಸುತ್ತದೆ. ಕೆಲವು ವ್ಯವಸ್ಥೆಗಳು ಎಲ್ಲಿದ್ದರೂ ಸಮುದ್ರಮಟ್ಟದ ಲೆಕ್ಕವನ್ನೇ ಕಳೆಯುತ್ತವೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ವಾತಾವರಣದ ಒತ್ತಡ ಮಂಗಳೂರಿಗಿಂತ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿ, ಟೈರು ತಣ್ಣಗಾದ ಮೇಲೆ ಅಳೆದರೆ ಗೇಜೂ ಕಾರೂ ಹೆಚ್ಚುಕಡಿಮೆ ಒಂದೇ ಹೇಳುತ್ತವೆ. ಇಲ್ಲಿ ಗೇಜೂ ಸರಿ, ಸೆನ್ಸರೂ ಸರಿ. ಇಷ್ಟಕ್ಕೇ ಸೆನ್ಸರ್ ಬದಲಾಯಿಸಿಕೊಂಡವರನ್ನು ಕಂಡು ನನಗೆ ನೋವಾಗಿದೆ.

ಇನ್ನು ಟೈರು ಬಿಚ್ಚಿದಾಗ ಆಗುವ ಹಾನಿ. ಸೆನ್ಸರ್ ಸಾಮಾನ್ಯವಾಗಿ ಕೂತಿರುವುದು ವಾಲ್ವಿನ ಬುಡದಲ್ಲೇ. ಟೈರಿನ ಅಂಚನ್ನು, ಅಂದರೆ ಬೀಡನ್ನು, ಒತ್ತುವ ಯಂತ್ರದ ಅಲಗನ್ನು ವಾಲ್ವಿನ ಪಕ್ಕಕ್ಕೇ ಕೊಟ್ಟರೆ ಪ್ಲಾಸ್ಟಿಕ್ ಕವಚ ಚಟ್ಟೆಂದು ಒಡೆಯುತ್ತದೆ; ವಾಲ್ವನ್ನು ಎದುರು ಬದಿಗೆ ತಿರುಗಿಸಿಕೊಂಡರೆ ಬಚಾವು. ಅಲ್ಯುಮಿನಿಯಂ ವಾಲ್ವಿಗೆ ಮಾಮೂಲಿ ಹಿತ್ತಾಳೆ ಪಿನ್ನು ಹಾಕಿದರೆ ನೀರು ತಗುಲಿ ಎರಡೂ ಕಚ್ಚಿಕೊಳ್ಳುತ್ತವೆ, ಮುಂದಿನ ಸಲ ತಿರುಗಿಸುವಾಗ ವಾಲ್ವೇ ಮುರಿದು ಕೈಗೆ ಬರುತ್ತದೆ. ಅದಕ್ಕೆ ನಿಕಲ್ ಲೇಪದ ಪಿನ್ನೇ ಆಗಬೇಕು, ಮುಚ್ಚಳ ಪ್ಲಾಸ್ಟಿಕ್ಕಿನದೇ ಇರಬೇಕು. ಇಂಥ ಸಣ್ಣ ಸಂಗತಿಗಳೇ ಈ ಕಸುಬಿನ ತಿರುಳು.

ಆಮೇಲೆ ಬಂದ ಪೀಳಿಗೆ ಸ್ಕ್ಯಾನರಿನದು. ಸೆನ್ಸರನ್ನು ಎಬ್ಬಿಸುವ ಟ್ರಿಗರ್ ಉಪಕರಣ, ಹಳೆಯದರ ಗುರುತಿನ ಸಂಖ್ಯೆಯನ್ನೇ ನಕಲಿಳಿಸುವ ಸೆನ್ಸರುಗಳು ಬಂದು ಕೆಲಸ ಹಗುರವಾಯಿತು, ನಿಜ. ಆದರೆ ಸ್ಕ್ಯಾನರ್ "ಸಂಕೇತವಿಲ್ಲ" ಎಂದಷ್ಟೇ ಹೇಳುತ್ತದೆ, ಯಾಕಿಲ್ಲ ಎಂದು ಹೇಳುವುದಿಲ್ಲ. ಅಮೆರಿಕದ ರಿಮ್ಮಿನೊಡನೆ ಬಂದ ಸೆನ್ಸರ್ 315 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿರುತ್ತದೆ, ಕಾರು 433ರಲ್ಲಿ ಕಿವಿಗೊಟ್ಟಿರುತ್ತದೆ. ಅಗ್ಗದ ಮೊಬೈಲ್ ಚಾರ್ಜರ್ ಎಬ್ಬಿಸುವ ರೇಡಿಯೋ ಗದ್ದಲದಲ್ಲಿ ಸಂಕೇತ ಮುಳುಗಿಹೋಗುವುದೂ ಉಂಟು. ಅದನ್ನು ಕಿತ್ತು ಒಂದು ಸುತ್ತು ಹೋಗಿಬಂದರೆ ತಿಳಿಯುತ್ತದೆ.

ಭಾರತದಲ್ಲಿ ಟಿಪಿಎಂಎಸ್ ಇನ್ನೂ ಎಲ್ಲ ಕಾರುಗಳಿಗೆ ಕಡ್ಡಾಯವಲ್ಲ. 2020ರ ಜುಲೈನ ನಿಯಮ ಮಾತ್ರ ಒಂದು ಬಾಗಿಲು ತೆರೆದಿದೆ: ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ರಿಪೇರಿ ಕಿಟ್ ಮೂರೂ ಇದ್ದರೆ ಮೂರೂವರೆ ಟನ್‌ವರೆಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಬೇಕಿಲ್ಲ. ಕಿಟ್‌ನಲ್ಲಿ ಬರುವ ಸೀಲೆಂಟ್ ದ್ರವ ಸೆನ್ಸರಿನ ಸೂಜಿಗಾತ್ರದ ರಂಧ್ರವನ್ನು ಮುಚ್ಚಬಲ್ಲದು. ಆಗ ಅದನ್ನು ತೊಳೆಯಬೇಕಾದವರು ಹಿರಿಯೂರಿನ ಆಚೆಯೋ ಹಾಸನದ ಬೈಪಾಸಿನಲ್ಲೋ ಕುಳಿತ ಪಂಕ್ಚರ್ ಅಂಗಡಿಯವರು. ಹೊಸ ಸೆನ್ಸರಿನ ಸಂಖ್ಯೆಯನ್ನು ಕಾರಿಗೆ ಪರಿಚಯಿಸುವ ವಿಧಾನ ಒಂದೊಂದು ಮಾದರಿಗೆ ಒಂದೊಂದು, ಮತ್ತು ಅದು ಅವರ ಕೈಗೆ ತಲುಪುವುದಿಲ್ಲ. ಕನ್ನಡದಲ್ಲಿ ಅಂಥದೊಂದು ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಗಾಳಿಯ ಪ್ರಮಾಣ ಬರೆದ ಸ್ಟಿಕರ್ ಚಾಲಕನ ಬಾಗಿಲ ಕಂಬದಲ್ಲಿ ಹೇಗೂ ಇರುತ್ತದೆ. ಈ ಗಾಡಿಯಲ್ಲಿ ಸೆನ್ಸರ್ ಟೈರಿನೊಳಗಿದೆಯೋ ಇಲ್ಲವೋ, ಯಾವ ಆವರ್ತನದ್ದು, ರಿಸೆಟ್ ಹೇಗೆ ಎಂಬ ಮೂರು ಸಾಲನ್ನು ಅದರ ಕೆಳಗೆ ಕನ್ನಡದಲ್ಲೂ ಅಚ್ಚು ಹಾಕಿಸಲು ಕಂಪನಿಗಳಿಗೆ ಅಡ್ಡಿಯೇನಿದೆ?