ಎರಡನೆಯ ಕ್ರೇನು

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಪದವಿ ತರಗತಿಯಲ್ಲಿ ನನ್ನಿಂದ ಹಳಗನ್ನಡದ ಪಾಠ ಕೇಳಿದ್ದವನು ಈಗ ಬೈಕಂಪಾಡಿಯಲ್ಲಿ ಒಂದು ಕ್ರೇನು ಲಾರಿಯನ್ನಿಟ್ಟುಕೊಂಡು, ಕರೆದವರಿಗೆ ಭಾರ ಎತ್ತಿಕೊಡುವ ಚಿಕ್ಕ ಉದ್ಯೋಗ ನಡೆಸುತ್ತಿದ್ದಾನೆ. ಬೇರೊಬ್ಬರು ಬಳಸಿದ ಇನ್ನೊಂದು ಕ್ರೇನು ಮಾರಾಟಕ್ಕೆ ಬಂದಿದೆ, ಕೊಳ್ಳಲೇ ಬೇಡವೇ ಎಂಬುದು ಅವನ ಪ್ರಶ್ನೆ. ಛಂದಸ್ಸು ಕಲಿಸಿದವನಿಗೆ ಕ್ರೇನಿನ ವಿಚಾರ ಏನು ತಿಳಿದೀತೆಂದು ನಾನು ನಕ್ಕೆ. ಅವನು ನಗಲಿಲ್ಲ. “ಈಗ ಇರುವುದರಲ್ಲಿ ನಾನೇ ಕೂತುಕೊಳ್ತೇನೆ ಸರ್. ಎರಡನೆಯದರಲ್ಲಿ ಬೇರೆ ಯಾರಾದರೂ ಕೂತುಕೊಳ್ಳಬೇಕಲ್ಲ? ನನಗೆ ಹೆದರಿಕೆ ಇರುವುದು ಅಲ್ಲಿ” ಎಂದ. ಅವನು ಇನ್ನೊಬ್ಬರ ಕೈಕೆಳಗೆ ಸಹಾಯಕನಾಗಿದ್ದ ದಿನಗಳಲ್ಲಿ ಉಕ್ಕಿನ ಹಗ್ಗ ಕಡಿದು, ಜೊತೆಗಾರನೊಬ್ಬ ಕಾಲು ಕಳೆದುಕೊಂಡಿದ್ದನಂತೆ.

ಅವನು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಭಾರ ಎತ್ತುವ ವಿದ್ಯೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಓದುತ್ತೇವೆ. ಭಾರದ ಬಳಿ ನಿಂತವನು ಯಾರನ್ನು ನಂಬಿ ಅಲ್ಲಿ ನಿಲ್ಲುತ್ತಾನೆ ಎಂಬ ಇನ್ನೊಂದು ಚರಿತ್ರೆಯೂ ಅದರೊಳಗೆ ಇದೆ. ಅದನ್ನು ಕುರಿತು ಎರಡು ಮಾತು ಹೇಳಬೇಕೆನ್ನಿಸಿತು.

ನಮ್ಮ ಕಡೆಯಲ್ಲಿ ಈ ಚರಿತ್ರೆಯನ್ನು ಕಾರ್ಕಳದಿಂದಲೇ ಆರಂಭಿಸಬೇಕು. 1432ರಲ್ಲಿ ವೀರಪಾಂಡ್ಯನು ಅಲ್ಲಿಯ ಬಂಡೆಯ ಮೇಲೆ ನಿಲ್ಲಿಸಿದ ಗೊಮ್ಮಟನ ಎತ್ತರ 42 ಅಡಿ. ಮೂರ್ತಿಯನ್ನು ಗಾಡಿಗಳ ಸಾಲಿನ ಮೇಲೇರಿಸಿ, ಇಳಿಜಾರು ದಾರಿ ಕಟ್ಟಿ, ಜನಸಮೂಹವೇ ಎಳೆದು ಮೇಲಕ್ಕೆ ತಂದಿತೆಂಬ ಪ್ರತೀತಿಯಿದೆ. ಪ್ರತೀತಿಯ ವಿವರಗಳು ಹೇಗೇ ಇರಲಿ, ಅಷ್ಟು ದೊಡ್ಡ ಕಲ್ಲು ಅಲುಗಬೇಕಾದರೆ ಅಸಂಖ್ಯ ಕೈಗಳು ಒಂದೇ ಉಸಿರಿನಲ್ಲಿ ಹಗ್ಗ ಹಿಡಿದಿರಲೇಬೇಕು. ಅರಸನ ಹೆಸರು ಶಾಸನದಲ್ಲಿ ಉಳಿಯಿತು, ಹಗ್ಗ ಹಿಡಿದವರ ಹೆಸರು ಉಳಿಯಲಿಲ್ಲ. ಆದರೂ ಅಲ್ಲಿ ಒಂದು ಸಮಾನತೆಯಿತ್ತು: ಹಗ್ಗ ಕಡಿದರೆ ಎಳೆಯುವವರೆಲ್ಲರಿಗೂ ಅಪಾಯ, ಹಾಗಾಗಿ ಹಗ್ಗದ ಮೇಲೆ ಎಲ್ಲರ ಕಣ್ಣು.

ಐದು ಶತಮಾನಗಳ ಬಳಿಕ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು 39 ಅಡಿಯ ಇನ್ನೊಬ್ಬ ಬಾಹುಬಲಿಯನ್ನು ಕಡೆದರು. 1973ರಲ್ಲಿ ಆ ಮೂರ್ತಿ ಧರ್ಮಸ್ಥಳಕ್ಕೆ ಹೊರಟಿತು. ಈ ಸಲ ಅದನ್ನು ಹೊತ್ತದ್ದು ಬಹುಚಕ್ರದ ಟ್ರೈಲರು. ದಾರಿಯುದ್ದಕ್ಕೂ ಜನ ನೆರೆದಿದ್ದರು, ಆದರೆ ನೋಡುವುದಕ್ಕಾಗಿ. ಎಳೆಯುವ ಹೊಣೆ ಕೆಲವೇ ಕುಶಲಿಗಳದಾಗಿತ್ತು.

ಬೆಟ್ಟದಿಂದ ಇಳಿದು ನಮ್ಮ ಪಟ್ಟಣಕ್ಕೆ ಬಂದರೂ ಕಾಣುವುದು ಇದೇ ಬದಲಾವಣೆ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರ ಹಂಚಿನ ಕಾರ್ಖಾನೆ ಆರಂಭವಾದ ಮೇಲೆ ಮಂಗಳೂರಿನ ಹಂಚು ಕಡಲು ದಾಟಿತು. ಹಳೆಯ ಬಂದರಿನೊಳಕ್ಕೆ ದೊಡ್ಡ ಹಡಗುಗಳು ಬರುವಂತಿರಲಿಲ್ಲ. ಅವು ಹೊರಗಡಲಲ್ಲಿ ಲಂಗರು ಹಾಕುತ್ತಿದ್ದವು, ಸರಕನ್ನು ದೋಣಿಗಳಲ್ಲಿ ಒಯ್ದು ಏರಿಸುತ್ತಿದ್ದರು. ಧಕ್ಕೆಯಿಂದ ದೋಣಿಗೆ ಹಾಸಿದ ಹಲಗೆಯ ಮೇಲೆ ಹಮಾಲರು ತಲೆಹೊರೆ ಹೊತ್ತು ನಡೆಯುತ್ತಿದ್ದರು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಮಹಾ ಬಂದರೆನಿಸಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅದರ ಆಸುಪಾಸಿನಲ್ಲಿ ಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರಿನ ಸ್ಥಾವರ, ತೈಲ ಶುದ್ಧೀಕರಣಾಗಾರಗಳು ಬಂದವು. ತಲೆ ಹೊರಲಾರದ ಭಾರಗಳು ಪಟ್ಟಣಕ್ಕೆ ಬಂದದ್ದು ಇವುಗಳೊಂದಿಗೆ. ನನ್ನ ವಿದ್ಯಾರ್ಥಿಯಂಥವರ ಉದ್ಯೋಗಕ್ಕೂ ಇಲ್ಲಿಯೇ ಎಡೆ ದೊರೆಯಿತು.

ಕ್ರೇನು ಹೊರಗಿನದಾದರೂ ಅದರ ತತ್ತ್ವ ನಮಗೆ ಹೊಸದಲ್ಲ. ಪಂಪು ಬರುವ ಮುಂಚೆ ನಮ್ಮ ತೋಟಗಳಲ್ಲಿದ್ದ ಏತವನ್ನು ನೆನೆದುಕೊಳ್ಳಿ. ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಕಲ್ಲು, ನಡುವೆ ಆಧಾರ. ಕ್ರೇನಿನ ತೋಳು ಏತದ ಮರವೇ. ಅದಕ್ಕೆ ತಂತಿಯ ಹಗ್ಗವನ್ನು 1834ರಲ್ಲಿ ಜರ್ಮನಿಯ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ರೂಢಿಗೆ ತಂದ. ದ್ರವದ ಒತ್ತಡದಿಂದ ಎತ್ತುವ ಬಲವನ್ನು 1846ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ತೋರಿಸಿಕೊಟ್ಟ. ಏತದ ಲೆಕ್ಕ ಮಾತ್ರ ಬದಲಾಗಲಿಲ್ಲ. 3 ಮೀಟರು ದೂರದಲ್ಲಿ 10 ಟನ್ನು ಎತ್ತುವ ಕ್ರೇನು 10 ಮೀಟರಿಗೆ ತೋಳು ಚಾಚಿದರೆ 3 ಟನ್ನನ್ನೂ ಎತ್ತಲಾರದು, ಏಕೆಂದರೆ ತೋಳಿನ ತೂಕವೂ ಸೇರುತ್ತದೆ. “ಹತ್ತು ಟನ್ನಿನ ಕ್ರೇನು” ಎಂಬ ಮಾತು ಅರ್ಧ ಸತ್ಯ. ಪೂರ್ಣ ಸತ್ಯವಿರುವುದು ಯಂತ್ರದ ಮೈಗೆ ಬಡಿದಿರುವ ಭಾರದ ಪಟ್ಟಿಯಲ್ಲಿ.

ಒಂದು ಮಧ್ಯಾಹ್ನ ಅವನ ಜೊತೆಗೆ ನಾನೂ ಆ ಕ್ರೇನನ್ನು ನೋಡಲು ಹೋದೆ. ಹಳದಿ ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಬೆಲೆಯೂ ಕಡಿಮೆಯೇ. ಅವನು ಬಣ್ಣವನ್ನು ನೋಡಲಿಲ್ಲ. ಹಗ್ಗದ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಎಳೆ ಕಡಿದಿದೆಯೇ ಎಂದು ಗೇಣುಗೇಣಾಗಿ ಪರೀಕ್ಷಿಸಿದ. ಬದಿಗೆ ಚಾಚುವ ಊರುಗಾಲುಗಳ ಬೆಸುಗೆಯನ್ನು ಬೆರಳಿನಿಂದ ಸವರಿದ. ನಮ್ಮ ಉಪ್ಪುಗಾಳಿಯೂ ಮಳೆಯೂ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತವೆ, ಬಣ್ಣ ಅದನ್ನು ಮುಚ್ಚುತ್ತದೆ. ಆಮೇಲೆ ಒಂದು ಭಾರವನ್ನು ಎತ್ತಿಸಿ ಹತ್ತು ನಿಮಿಷ ಹಾಗೆಯೇ ನಿಲ್ಲಿಸಿದ. ಅದು ತಾನಾಗಿ ಕೂದಲೆಳೆಯಷ್ಟು ಕುಸಿದರೂ ಒಳಗೆ ಎಣ್ಣೆ ಸೋರುತ್ತಿದೆಯೆಂದು ಅರ್ಥವಂತೆ. ಭಾರ ಅಲುಗಲಿಲ್ಲ. ಅವನ ಮುಖ ಅರಳಿತು.

ಆದರೆ ಭಾರದ ಪಟ್ಟಿಯ ಮೇಲೂ ಬಣ್ಣ ಬಳಿದಿತ್ತು. ಶಾಸನದ ಅಕ್ಷರಗಳಿಗೆ ಸುಣ್ಣ ಬಳಿದದ್ದನ್ನು ಕಂಡು ನೊಂದವನು ನಾನು. ಆ ನೋವು ಇಲ್ಲಿಯೂ ಆಯಿತು. ಕೇಳಿದರೆ, ಪರೀಕ್ಷೆಯ ಕಾಗದಗಳೂ ಇರಲಿಲ್ಲ. ಎತ್ತುವ ಯಂತ್ರವನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿ ಪರೀಕ್ಷಿಸಬೇಕು, ಎತ್ತಬಹುದಾದ ಭಾರವನ್ನು ಅದರ ಮೇಲೆ ಸ್ಪಷ್ಟವಾಗಿ ಬರೆದಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು ವಿಧಿಸಿತ್ತು. ಕಾರ್ಕಳದಲ್ಲಿ ನೂರು ಕಣ್ಣುಗಳು ಮಾಡಿದ ಕೆಲಸವನ್ನು ಈ ಕಾಲದಲ್ಲಿ ಆ ಒಂದು ಕಾಗದ ಮಾಡಬೇಕಾಗಿದೆ. ತನ್ನ ಮೊದಲ ಕ್ರೇನಿನ ಪ್ರತಿಯೊಂದು ನರಳಾಟವೂ ಅವನಿಗೆ ಗೊತ್ತು. ಎರಡನೆಯದರಲ್ಲಿ ಕೂಡುವ ಹುಡುಗನಿಗೆ ಆ ಹತ್ತು ವರ್ಷಗಳ ಪರಿಚಯವನ್ನು ಕೊಡಲಾಗದು, ಬರೆದಿಟ್ಟ ಚರಿತ್ರೆಯನ್ನು ಮಾತ್ರ ಕೊಡಬಹುದು.

ಆ ಕ್ರೇನನ್ನು ಅವನು ಕೊಳ್ಳಲಿಲ್ಲ. ಕೈಯಲ್ಲಿದ್ದ ಎರಡು ಕೆಲಸಗಳೂ ಅದರಿಂದ ತಪ್ಪಿಹೋದವು. ನಾಲ್ಕು ತಿಂಗಳ ಮೇಲೆ ಕಾಗದಪತ್ರ ಸರಿಯಿದ್ದ ಇನ್ನೊಂದನ್ನು ಹೆಚ್ಚು ಬೆಲೆಗೆ ಕೊಂಡ. ಮುಂಗಡದ ಒಂದು ಪಾಲು ಹೆಂಡತಿ ದಿನದಿನವೂ ಕಟ್ಟಿದ ಪಿಗ್ಮಿಯ ಹಣ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಆರಂಭಿಸಿದ ಉಳಿತಾಯದ ಕ್ರಮವಿದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದರೂ ಪಿಗ್ಮಿಯೆಂಬ ಹೆಸರು ನಮ್ಮ ಮನೆಗಳಲ್ಲಿ ಉಳಿದಿದೆ. ಉಳಿದದ್ದು ಸಾಲ.

ಮೊದಲ ದಿನ ಕದ್ರಿಯ ಬಳಿ ಒಂದು ಜನರೇಟರನ್ನು ಇಳಿಸುವ ಕೆಲಸವಿತ್ತು. ನಾನು ರಸ್ತೆಯ ಆಚೆಬದಿಯಲ್ಲಿ ನಿಂತು ನೋಡಿದೆ. ಹುಡುಗ ಮೇಲೆ ಕುಳಿತಿದ್ದ. ನನ್ನ ವಿದ್ಯಾರ್ಥಿ ಎರಡು ಸಲ ಅವನ ಬಳಿಗೆ ಏರಹೊರಟು, ಎರಡು ಸಲವೂ ತಡೆದುಕೊಂಡ. ಕೊನೆಗೆ ತೂಗಾಡುವ ಭಾರಕ್ಕೆ ಕಟ್ಟಿದ ಹಗ್ಗದ ತುದಿಯನ್ನು ತಾನೇ ಹಿಡಿದು ಕೆಳಗೆ ನಿಂತು, ಎತ್ತೆಂದು ಕೈಸನ್ನೆ ಮಾಡಿದ.