ಆ ಅಕ್ಕನಿಗೆ ಕಲಿಸಿದವರು ಯಾರು?

ಬೆಳಗಾವಿ ಅಂದರೆ 1924 ನೆನಪಾಗುತ್ತೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಆ ಡಿಸೆಂಬರ್‌ನಲ್ಲಿ ಅಲ್ಲಿ ನಡೀತು. ಅದಕ್ಕೆ ನೂರು ವರ್ಷ ತುಂಬಿದಾಗ ನಾನೂ ಕ್ಯಾಮೆರಾ ಮುಂದೆ ನಿಂತು ಗಂಟೆಗಟ್ಟಲೆ ಮಾತಾಡಿದೆ. ಅದೇ ವರ್ಷದ ಇನ್ನೊಂದು ಸಂಗತಿ ಹೇಳೋದು ಮರೆತೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಮಕ್ಕಳ ಕಾಯ್ದೆ ಬಂದದ್ದೂ 1924ರಲ್ಲೇ. ಮದ್ರಾಸಿನಲ್ಲಿ 1920ಕ್ಕೆ, ಬಂಗಾಳದಲ್ಲಿ 1922ಕ್ಕೆ ಬಂದಿತ್ತು.

ಕಾಯ್ದೆಯ ಹುರುಳು ಇಷ್ಟೇ. ತಪ್ಪು ಮಾಡಿದ ಮಗುವನ್ನಾಗಲಿ, ದಿಕ್ಕಿಲ್ಲದ ಮಗುವನ್ನಾಗಲಿ ದೊಡ್ಡವರ ಜೈಲಿಗೆ ತಳ್ಳಬೇಡಿ, ಬೇರೆ ಕಡೆ ಇಟ್ಟು ಬೆಳೆಸಿ. ಸರಿ ಸ್ವಾಮಿ, ಬೆಳೆಸೋರು ಯಾರು?

1936ರಲ್ಲಿ ಮುಂಬೈನಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಸಮಾಜಕಾರ್ಯ ಕಲಿಸುವ ಶಾಲೆ ಶುರುವಾಯ್ತು. ಇವತ್ತಿನ ಟಿಸ್ ಅದೇ. ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅದರ ಹೆಸರಲ್ಲೇ 'ಗ್ರಾಜುಯೇಟ್ ಸ್ಕೂಲ್' ಅಂತಿತ್ತು. ರಾತ್ರಿ ಮಕ್ಕಳಿಗೆ ಹಾಸಿಗೆ ಹಾಸೋ ಹೆಂಗಸಿಗೆ ಅಲ್ಲಿ ಜಾಗ ಎಲ್ಲಿ?

1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಮೈಸೂರಿನ ಮಕ್ಕಳ ಕಾಯ್ದೆ ಬಂತು. ಆಮೇಲೆ ಇಡೀ ದೇಶಕ್ಕೆ ಬಾಲನ್ಯಾಯ ಕಾಯ್ದೆ, 1986, 2000, 2015, ಮೂರು ಸಲ. ರಿಮಾಂಡ್ ಹೋಮ್ ಹೋಗಿ ವೀಕ್ಷಣಾಲಯ ಬಂತು, ಬಾಲಮಂದಿರ ಬಂತು. ಬೋರ್ಡು ಬದಲಾಯ್ತು. ಒಳಗೆ ಕೀಲಿಕೈ ಹಿಡಿದ ಅಕ್ಕ?

ವರ್ಷಗಳ ಹಿಂದೆ ವರದಿಗೆ ಅಂತ ಬೆಳಗಾವಿಯ ಒಂದು ಮಕ್ಕಳ ಮನೆಗೆ ಹೋಗಿದ್ದೆ. ಹೆಸರು ಬೇಡ. ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬಂದ ಹುಡುಗನೊಬ್ಬ ಅಲ್ಲಿದ್ದ. ಬರೀ ಮರಾಠಿ ಬರ್ತಿತ್ತು. ದಿನಾ ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಳ್ತಿದ್ದ. ಆ ಅಕ್ಕ ಅವನ ತಲೆ ಮೇಲೆ ಹಾಸಿಗೆ ಹೊರಿಸಿ, ಎಲ್ಲ ಮಕ್ಕಳ ಎದುರು ಅಂಗಳದಲ್ಲಿ ನಿಲ್ಲಿಸಿದ್ದರು. ನಾನು ಶೂಟ್ ಮಾಡಿದೆ.

'ನಿಮಗೆ ಟ್ರೇನಿಂಗ್ ಏನೂ ಕೊಟ್ಟಿಲ್ವಾ?' ಅಂತ ಕೇಳಿದೆ.

'ಟ್ರೇನಿಂಗ್ ಏನ್ರೀ ಸರ, ನಾಕ್ ಮಕ್ಕಳ್ನ ಹಡದು ಬೆಳಸೀನಿ. ಅದ ಟ್ರೇನಿಂಗ್.'

ಆ ಮಾತನ್ನ ನಾನು ಎಡಿಟ್‌ನಲ್ಲಿ ಕತ್ತರಿಸಿದೆ. ಮುಖ ಮಾತ್ರ ಸ್ಕ್ರೀನ್ ತುಂಬ ತೋರಿಸಿದೆ, ಕೆಳಗೆ 'ರಾಕ್ಷಸಿ' ಅಂತ ಪಟ್ಟಿ ಓಡಿಸಿದೆ. ಮೂರೇ ದಿನಕ್ಕೆ ಆಕೆಯ ಕೆಲಸ ಹೋಯ್ತು. ಗೆದ್ದೆ ಅಂದ್ಕೊಂಡೆ. ಕೆಲ ತಿಂಗಳ ನಂತರ ಮತ್ತೆ ಹೋದಾಗ ಅದೇ ಕೀಲಿಕೈ ಇನ್ನೊಬ್ಬ ಹೆಂಗಸಿನ ಸೊಂಟದಲ್ಲಿತ್ತು. ಅವರಿಗೂ ಯಾರೂ ಏನೂ ಕಲಿಸಿರಲಿಲ್ಲ.

ಮನೆ ಬಿಟ್ಟು ಬಂದ ಮಗು ಭಯಕ್ಕೂ ಹಾಸಿಗೆ ಒದ್ದೆ ಮಾಡುತ್ತೆ, ನಾಚಿಕೆಪಡಿಸಿದರೆ ಅದು ಇನ್ನೂ ಹೆಚ್ಚಾಗುತ್ತೆ. ಇಷ್ಟನ್ನು ಹೇಳಿಕೊಡೋಕೆ ಎಷ್ಟು ಹೊತ್ತು ಬೇಕು? ಒಂದು ಮಧ್ಯಾಹ್ನ ಸಾಕು.

ಈಗಿನ ಲೆಕ್ಕ ನೋಡಿ. 2015ರ ಕಾಯ್ದೆ ಪ್ರಕಾರ ಬಾಲನ್ಯಾಯ ಮಂಡಳಿಯ ಸದಸ್ಯರಿಗೆ 60 ದಿನದೊಳಗೆ, ಮಕ್ಕಳ ಕಲ್ಯಾಣ ಸಮಿತಿಯವರಿಗೆ ಎರಡು ತಿಂಗಳೊಳಗೆ ತರಬೇತಿ ಆಗಲೇಬೇಕು. ಸಿಬ್ಬಂದಿಗೂ ತರಬೇತಿ ಕೊಡಿ ಅಂತ ನಿಯಮಗಳು ಹೇಳ್ತವೆ, ನಿಜ. ಆದರೆ ಗೃಹಮಾತೆಗೆ ಅಂಥ ಗಡುವು ಕಾಯ್ದೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. 2016ರ ಕೇಂದ್ರ ಮಾದರಿ ನಿಯಮದಂತೆ 100 ಮಕ್ಕಳ ಮನೆಗೆ ಅಂಥವರು ನಾಲ್ಕು ಜನ. ಹಗಲಿಗೆ ಇಬ್ಬರು, ರಾತ್ರಿಗೆ ಇಬ್ಬರು ಅಂದರೆ ಒಬ್ಬೊಬ್ಬರಿಗೆ 50 ಮಕ್ಕಳು. ಒಬ್ಬರು ರಜೆ ಹಾಕಿದರೆ ನೂರೂ ಒಬ್ಬರ ಪಾಲಿಗೆ. ಮಂಡಳಿಯವರು ಮಗುವನ್ನು ನೋಡೋದು ವಿಚಾರಣೆಯ ದಿನ. ಈಕೆ ನೋಡೋದು ರಾತ್ರಿ ಎರಡು ಗಂಟೆಗೆ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಕೀಲಿಕೈ ಕೊಡೋ ಮೊದಲು ಕಲಿಸಿ. ಖಾನಾಪುರದ ಮಗುವಿನ ಜೊತೆ ಮಾತಾಡುವಷ್ಟು ಮರಾಠಿಯನ್ನೂ ಕಲಿಸಿ. ಕಲಿತವರಿಗೆ ಸರ್ಟಿಫಿಕೇಟು ಕೊಡಿ, ಅದಕ್ಕೆ ತಕ್ಕ ಸಂಬಳ ಕೊಡಿ. ಅದಾದ ಮೇಲೂ ತಪ್ಪು ಮಾಡಿದರೆ ಅವರನ್ನು ಹೊಣೆ ಮಾಡಿ.

ಅವತ್ತು ನಾನು ಓಡಿಸಿದ ಪಟ್ಟಿಯಲ್ಲಿ ಒಂದೇ ಒಂದು ಹೆಸರಿತ್ತು. ಕಲಿಸದೇ ಕೆಲಸಕ್ಕೆ ಇಟ್ಟವರ ಹೆಸರು ಇರಲಿಲ್ಲ. ಆ ತಪ್ಪು ನನ್ನದು.